ಶುಂಠಿ ಹಾಕದ ವರ್ಷದ ಲೆಕ್ಕ

2022ರ ಬೇಸಿಗೆಯಲ್ಲಿ ನಾನು ಶುಂಠಿ ಬಿಟ್ಟು ಮುಸುಕಿನ ಜೋಳ ಹಾಕಿದೆ. ನಮ್ಮ ಜಮೀನು ಇರೋದು ಹಾಸನ ಜಿಲ್ಲೆಯ ಅರಕಲಗೂಡು ಕಡೆ. "ಒಂದು ಎಕರೆಯಾದ್ರೂ ಹಾಕೋ" ಅಂತ ಭಾವ ಹೇಳಿದ್ದರು. ಮರುವರ್ಷದ ಮಳೆಗಾಲದಲ್ಲಿ ಶುಂಠಿ ಬೆಲೆ 60 ಕೆ.ಜಿ. ಮೂಟೆಗೆ ಹತ್ತು ಸಾವಿರ ದಾಟಿತು. ಆಮೇಲೆ ಕೇಳಬೇಕಾ? ಯಾರ ಮನೆ ಮುಂದೆ ಹೊಸ ಟ್ರ್ಯಾಕ್ಟರ್ ಕಂಡರೂ ಸಂಕಟ. ರಾತ್ರಿ ಮಲಗಿದರೆ ಬರೀ ಗುಣಾಕಾರ: ಎಕರೆಗೆ ಇಷ್ಟು ಮೂಟೆ, ಮೂಟೆಗೆ ಇಷ್ಟು ದುಡ್ಡು.

"ಆಗಿದ್ದು ಆಯ್ತು, ಬಿಡು" ಅನ್ನೋ ಮಾತು ಕೆಲಸಕ್ಕೆ ಬರಲಿಲ್ಲ. ಬಿಡೋಕೆ ಆಗ್ತಿಲ್ಲ ಅನ್ನೋದೇ ಸಂಕಟ ಅಲ್ವಾ? ಕೊನೆಗೆ ಹಳೆಯ ಲೆಕ್ಕದ ಪುಸ್ತಕ ತೆಗೆದು, ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಆ ಬೇಸಿಗೆಯಲ್ಲಿ ನನಗೆ ಗೊತ್ತಿದ್ದದ್ದು ಮಾತ್ರ. ಬಲಕ್ಕೆ ಆಮೇಲೆ ಗೊತ್ತಾದದ್ದು. ಎಡಗಡೆ ತುಂಬಿಹೋಯಿತು: ಶುಂಠಿಗೆ ಬೆಲೆ ಇಲ್ಲ, ಅಗೆಯೋ ಕೂಲಿ ಹುಟ್ಟೋದೂ ಕಷ್ಟ. ಬೀಜ, ಗೊಬ್ಬರ, ಔಷಧಿ, ಆಳು ಸೇರಿ ಎಕರೆಗೆ ಲಕ್ಷಗಟ್ಟಲೆ ಬೇಕು. ಪಕ್ಕದ ಹೊಲದಲ್ಲಿ ಕೊಳೆರೋಗ. ಸೊಸೈಟಿ ಸಾಲ ಬಾಕಿ. ಬಲಗಡೆ ಒಂದೇ ಸಾಲು: ಬೆಲೆ ಏರಿತು.

ಗೆರೆ ಎಳೆಯೋದು ಸುಲಭ, ಎಡಗಡೆ ನಿಯತ್ತಾಗಿ ಬರೆಯೋದು ಕಷ್ಟ. "ಏರುತ್ತೆ ಅಂತ ಆಗಲೇ ಅನಿಸಿತ್ತು" ಅಂತ ಮನಸ್ಸು ಪಿಸುಗುಡುತ್ತಲೇ ಇರುತ್ತದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧದ ವಿವರ ಕೊಟ್ಟು, ಕೆಲವರಿಗೆ ಮಾತ್ರ ಕೊನೆಗೆ ಏನಾಯಿತು ಅಂತ ಹೇಳಿದರು. ಕೊನೆ ತಿಳಿದವರಿಗೆ, ಹಾಗೇ ಆಗೋ ಸಾಧ್ಯತೆ ಮೊದಲಿಂದಲೂ ಜಾಸ್ತಿ ಇತ್ತು ಅನಿಸಿತು. ಅದಕ್ಕೇ ನಾನು ನೆನಪು ನಂಬಲಿಲ್ಲ. ಮಂಡಿ ಚೀಟಿ, ಸಾಲದ ರಸೀದಿ ನೋಡಿ ಬರೆದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ನನ್ನ ಕಲ್ಪನೆಯ ಶುಂಠಿಗೆ ಯಾವತ್ತೂ ಕೊಳೆ ಬರುತ್ತಿರಲಿಲ್ಲ, ಬೆಲೆ ತುದಿಗೆ ಹೋದ ದಿನವೇ ಮಾರಾಟ! ಮಾಡದ ಕೆಲಸಕ್ಕೆ ಖರ್ಚಿನ ಚೀಟಿ ಇರೋದಿಲ್ಲ ನೋಡಿ. ಕಾಲ ಕಳೆದಂತೆ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು ಕಾಡುತ್ತದೆ ಅಂತ ಗಿಲೋವಿಚ್ ಮತ್ತು ಮೆಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಬರೆದರು. ಅದಕ್ಕೆ ಇದೂ ಒಂದು ಕಾರಣ ಇರಬೇಕು. ಸರಿ, ಆ ಕಲ್ಪನೆಯನ್ನೂ ಪೂರ್ತಿ ಬರೆದೆ. ಏಪ್ರಿಲ್‌ನಲ್ಲಿ ಹಾಕಿದ್ದು ಡಿಸೆಂಬರ್ ಹೊತ್ತಿಗೆ ಬಲಿಯುತ್ತದೆ. ಆ ಹತ್ತು ಸಾವಿರ ಸಿಕ್ಕಿದ್ದು ಅಗೆಯದೆ ಮುಂದಿನ ಮಳೆಗಾಲದವರೆಗೂ ನೆಲದಲ್ಲೇ ಬಿಟ್ಟವರಿಗೆ. ಮಾರ್ಚ್‌ನಲ್ಲಿ ಸಾಲ ಕಟ್ಟಬೇಕಿದ್ದ ನಾನು ಬಿಡ್ತಿದ್ನಾ? ಖಂಡಿತ ಇಲ್ಲ. ಗುಣಾಕಾರ ಪೂರ್ತಿ ನಿಲ್ಲದಿದ್ದರೂ ನಿದ್ದೆ ಬರೋಷ್ಟು ಕಮ್ಮಿಯಾಯಿತು.

ಈಗ ಬೆಳೆ ಹಾಕೋ ಮೊದಲೇ ತಾರೀಕು ಹಾಕಿ ಎಡಗಡೆ ಬರೆದಿಡುತ್ತೇನೆ. 2024ರಲ್ಲಿ ಊರೆಲ್ಲ ಶುಂಠಿ ಹಾಕಿತು, ನಾನು ಹಾಕಲಿಲ್ಲ. ಬೆಲೆ ನೆಲ ಕಚ್ಚಿತು. ನೀನೇ ಜಾಣ ಅಂದರು. ಅದನ್ನೂ ಬಲಗಡೆಗೇ ಬರೆದೆ. ಎಡಗಡೆ ಇದ್ದದ್ದು ಇಷ್ಟೇ: ಹಿಂದಿನ ವರ್ಷದ ಬರ, ಬೋರ್‌ನಲ್ಲಿ ನೀರಿಲ್ಲ.