ಮಾವನ ಜೊತೆ ರಾಜಕೀಯ ಮಾತಾಡುವ ನನ್ನ ಅನುಭವ

ಹೆಣ್ಣು ಕೊಟ್ಟ ಮಾವನ ಹತ್ತಿರ ರಾಜಕೀಯ ತೆಗೀಬೇಡ ಅಂತ ಮದುವೆಯಾದಾಗ ಬಹಳ ಜನ ಬುದ್ಧಿ ಹೇಳಿದ್ದರು. ನಾನು ತೆಗೆಯುತ್ತೇನೆ. ಎದುರಿಗೆ ಕೂತು ಹೂಂ ಹೂಂ ಅಂತ ತಲೆಯಾಡಿಸಿ ಎದ್ದು ಬರುವುದನ್ನು ಗೌರವ ಅಂತ ಕರೆಯಲು ನನಗೆ ಮನಸ್ಸಿಲ್ಲ. ಇವರ ಹತ್ತಿರ ತಿಳಿಯುವುದು ಏನೂ ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡವರು ಹಾಗೆ ಮಾಡುತ್ತಾರೆ.

ನಮ್ಮದು ಸಾಗರದ ಕಡೆ. ನಮ್ಮಜ್ಜ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಹೆಂಡತಿಯ ತವರು ಹೊಸನಗರದ ಕಡೆ, ಅವರು ಗೇಣಿಗೆ ಗದ್ದೆ ಕೊಟ್ಟಿದ್ದವರು. ನಾವಿಬ್ಬರೂ ಇಷ್ಟಪಟ್ಟು ಮದುವೆಯಾದವರು, ಜಾತಿಯೂ ಬೇರೆ. ನಮ್ಮಪ್ಪ ಕಾಂಗ್ರೆಸ್, ನಾನೂ ಹೆಚ್ಚುಕಡಿಮೆ ಆ ಕಡೆಯೇ. ಮಾವ ಮೊದಲ ಓಟಿನಿಂದ ಇವತ್ತಿನವರೆಗೆ ಕಾಂಗ್ರೆಸ್ಸಿಗೆ ಒತ್ತಿದವರಲ್ಲ. ಈಗ ಪಕ್ಕಾ ಬಿಜೆಪಿ.

ನಾನು ಮಾಡಿದ್ದರಲ್ಲಿ ಮೊದಲನೆಯದು ಹೊತ್ತು ನೋಡುವುದು. ಟಿವಿಯಲ್ಲಿ ನಾಲ್ಕು ಜನ ಕಿರುಚುತ್ತಿರುವಾಗ ಮಾತು ಶುರು ಮಾಡಿದರೆ ನಾವಿಬ್ಬರೂ ಐದನೆಯವರು ಆರನೆಯವರು ಆಗುತ್ತೇವೆ ಅಷ್ಟೇ. ಮತ ಎಣಿಕೆಯ ದಿನ ಅಂತೂ ಬೇಡವೇ ಬೇಡ. ಮಧ್ಯಾಹ್ನ ಊಟ ಮುಗಿದು, ಮಾವ ಕವಳ (ಎಲೆ ಅಡಿಕೆ) ಹಾಕಿ ಜಗುಲಿಗೆ ಬಂದು ಕೂತ ಮೇಲೆ ಒಳ್ಳೆ ಹೊತ್ತು. ಬಾಯಲ್ಲಿ ಕವಳ ಇದ್ದಾಗ ಯಾರಿಗೂ ಜೋರಾಗಿ ಜಗಳ ಆಡಲು ಬರುವುದಿಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಎರಡನೆಯದು ಕೇಳುವ ಪ್ರಶ್ನೆ. "ನೀವು ಯಾಕೆ ಆ ಪಕ್ಷಕ್ಕೆ ಓಟು ಹಾಕ್ತೀರಿ" ಅಂತ ಕೇಳಿದರೆ ಟಿವಿಯಲ್ಲಿ ಬಂದ ಮಾತೇ ವಾಪಸ್ ಬರುತ್ತದೆ. ನಾನು ಬದಲಿಗೆ, "ಮಾವ, 1974ರಲ್ಲಿ ನೀವು ಎಷ್ಟನೇ ಕ್ಲಾಸಲ್ಲಿ ಇದ್ರಿ? ಆಗ ಮನೇಲಿ ಏನೇನಾಯ್ತು?" ಅಂತ ಕೇಳಿದೆ. ಆ ವರ್ಷವನ್ನು ಬೇಕಂತಲೇ ಆರಿಸಿಕೊಂಡಿದ್ದೆ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವರು ಏಳನೇ ನಂಬರ್ ಫಾರಂನಲ್ಲಿ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು. ಕರ್ನಾಟಕ ಮಾಡಿದ ಅತಿ ಒಳ್ಳೆಯ ಕೆಲಸ ಇದು ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಮಾವ ಹೇಳಿದರು. ಅವರ ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ದರು. ಉಳಿದದ್ದು ಅಮ್ಮ, ಸಣ್ಣ ಮಕ್ಕಳು, ಗೇಣಿಗೆ ಕೊಟ್ಟ ಒಂದಿಷ್ಟು ಗದ್ದೆ. ಗೇಣಿಗೆ ಕೊಟ್ಟಿದ್ದರೆ ಮುಗೀತು, ನೂರು ಎಕರೆಯವರದೂ ಹೋಯಿತು, ಎರಡು ಎಕರೆಯವರದೂ ಹೋಯಿತು. ನಾನು ನಡುವೆ ಬಾಯಿ ಹಾಕದೆ "ಆಮೇಲೆ?" ಅಂತ ಮಾತ್ರ ಕೇಳುತ್ತಿದ್ದೆ. ಕಡೆಗೆ, ನಾನು ಕೇಳಿಸಿಕೊಂಡದ್ದು ಸರಿಯಾ ಅಂತ ನೋಡಲು, "ಅಂದ್ರೆ ಜಮೀನು ಹೋಯ್ತು ಅನ್ನೋ ಸಿಟ್ಟು ಅದು, ಅಲ್ವಾ ಮಾವ?" ಅಂದೆ.

"ಅಲ್ಲ" ಅಂದರು. "ಜಮೀನು ಹೋಗ್ಲಿ. ಅಮ್ಮ ಟ್ರಿಬ್ಯುನಲ್ ಮುಂದೆ ನಿಂತಿದ್ದು ಇದೆಯಲ್ಲ, ಅದು."

ಟ್ರಿಬ್ಯುನಲ್ ಅಂದರೆ ಗೇಣಿದಾರರ ಅರ್ಜಿ ತೀರ್ಮಾನ ಮಾಡುತ್ತಿದ್ದ ಭೂ ನ್ಯಾಯಮಂಡಳಿ. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅಲ್ಲಿ ವಕೀಲರು ವಾದ ಮಾಡುವ ಹಾಗಿರಲಿಲ್ಲ. ಮನೆಯಿಂದ ಹೊರಗೆ ಬಂದು ಗಂಡಸರ ಎದುರು ಮಾತಾಡಿಯೇ ಗೊತ್ತಿಲ್ಲದ ಹೆಂಗಸು ಒಬ್ಬರೇ ನಿಂತು ಉತ್ತರ ಕೊಡಬೇಕಾಯಿತು, ಜೊತೆಗೆ ಹೋದ ಹುಡುಗ ಮೂಲೆಯಲ್ಲಿ ನಿಂತು ನೋಡಿದ.

ನನಗೆ ತಕ್ಷಣ ನೆನಪಾದದ್ದು ನಮ್ಮಜ್ಜ. ವಕೀಲರು ಇರಲಿಲ್ಲ ಅನ್ನುವುದನ್ನು ಅಜ್ಜ ದೇವರ ವರ ಅನ್ನುವ ಹಾಗೆ ಹೇಳುತ್ತಿದ್ದರು. ವಕೀಲರು ಇದ್ದಿದ್ದರೆ ಕಾಸಿದ್ದವರೇ ಗೆಲ್ಲುತ್ತಿದ್ದರು, ಓದು ಬಾರದ ನಾನು ನನ್ನ ಮಾತಲ್ಲೇ ಹೇಳಿ ಗದ್ದೆ ಪಡೆದೆ ಅನ್ನುತ್ತಿದ್ದರು. ಒಂದೇ ನಿಯಮ, ನಮ್ಮ ಮನೆಯಲ್ಲಿ ಹೀಗೆ, ಅವರ ಮನೆಯಲ್ಲಿ ಹಾಗೆ. ನಾನು ಆ ದಿನ ಇದನ್ನು ಹೇಳಲಿಲ್ಲ. ಅವರ ಅಮ್ಮನ ಮಾತು ಬಂದ ಕೂಡಲೇ ನಮ್ಮಜ್ಜನನ್ನು ತಂದು ಎದುರಿಗೆ ನಿಲ್ಲಿಸಿದರೆ ಅದು ಮತ್ತೆ ವಾದವೇ ಆಗುತ್ತದೆ.

ಮುಂದಿನ ಸಲ ಹೋದಾಗ ಹೇಳಿದೆ, ಕೊಳಗದ ಕತೆಯಿಂದ ಶುರು ಮಾಡಿ. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದು ಅನ್ನುವುದು ನಮ್ಮ ಕಡೆಯ ಹಳೆಯ ನೋವು, ಗೇಣಿದಾರರು 1951ರಲ್ಲಿ ನಡೆಸಿದ ಕಾಗೋಡು ಸತ್ಯಾಗ್ರಹಕ್ಕೆ ಕಾರಣಗಳಲ್ಲಿ ಅದೂ ಒಂದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು ಆ ಸತ್ಯಾಗ್ರಹದಲ್ಲೇ. ಮಾವ ಪೂರ್ತಿ ಕೇಳಿದರು. "ನಮ್ಮನೆ ಕೊಳಗ ಸರಿಯಾಗಿತ್ತು" ಅಂದರು. ಇರಬಹುದು. ಎದ್ದು ಹೋಗಲಿಲ್ಲ, ಅಷ್ಟು ಸಾಕಾಯಿತು ನನಗೆ.

ಇದರಿಂದ ಅವರ ಓಟು ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಆದರೆ ಈಗ ಅವರ ಮಾತು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕಾಯ್ದೆ ತಿದ್ದಿದಾಗ ನನಗೆ ಮೈ ಉರಿದಿತ್ತು. ಮಾವ, "ನನ್ನ ಜಮೀನು ಯಾರಿಗೆ ಮಾರ್ಬೇಕು ಅಂತ ಸರ್ಕಾರ ಯಾಕೆ ಹೇಳ್ಬೇಕು?" ಅಂದರು. ನಾನು ಈಗಲೂ ಒಪ್ಪುವುದಿಲ್ಲ, ಊರ ಗದ್ದೆಯೆಲ್ಲ ಬೆಂಗಳೂರಿನ ದುಡ್ಡಿಗೆ ರೆಸಾರ್ಟ್ ಆಗುತ್ತದೆ ಅಂತ ಅವರಿಗೇ ಹೇಳಿದ್ದೇನೆ. ಆದರೆ ಆ ಮಾತಿನ ಹಿಂದೆ ಟ್ರಿಬ್ಯುನಲ್ ಮುಂದೆ ನಿಂತ ಅವರ ಅಮ್ಮ ಇದ್ದಾರೆ ಅಂತ ಗೊತ್ತಿರುವಾಗ ದನಿ ಏರಿಸಲು ಆಗುವುದಿಲ್ಲ.

ವಾಟ್ಸಾಪ್ ಬೇರೆ ಕತೆ. ಫ್ಯಾಮಿಲಿ ಗ್ರೂಪಿನಲ್ಲಿ ಮಾವ ಏನೇ ಹಾಕಿದರೂ ನಾನು ಅಲ್ಲಿ ಉತ್ತರ ಕೊಡುವುದಿಲ್ಲ. ಹತ್ತಾರು ಜನ ನೋಡುತ್ತಿರುವಾಗ ಹಿರಿಯರು ಹಿಂದೆ ಸರಿಯುವುದು ಕಷ್ಟ. ತೀರಾ ಸುಳ್ಳು ಅನಿಸಿದರೆ ಫೋನ್ ಮಾಡಿ, "ಮಾವ, ಇದು ನಿಮಗೆ ಯಾರು ಕಳಿಸಿದ್ದು?" ಅಂತ ಕೇಳುತ್ತೇನೆ. ಕೆಲವು ಸಲ ಅಳಿಸುತ್ತಾರೆ. ಕೆಲವು ಸಲ ಇಲ್ಲ.

ಒಂದು ಗೆರೆ ಹಾಕಿಕೊಂಡಿದ್ದೇನೆ. ಸರ್ಕಾರ, ಪಕ್ಷ, ನಾಯಕರು, ಯಾರನ್ನು ಬೇಕಾದರೂ ಬೈಯಲಿ. ಒಂದು ಜಾತಿಯನ್ನೋ ಧರ್ಮದವರನ್ನೋ ಸಾರಾಸಗಟಾಗಿ ಬೈಯಲು ಶುರು ಮಾಡಿದರೆ "ಆ ಮಾತು ಬೇಡ ಮಾವ" ಅಂತ ಹೇಳಿ ಎದ್ದು ತೋಟದ ಕಡೆ ಹೋಗುತ್ತೇನೆ. ಕೇಳಿಸಿಕೊಳ್ಳುವುದು ಅಂದರೆ ಎಲ್ಲವನ್ನೂ ನುಂಗಿಕೊಳ್ಳುವುದು ಅಂತ ಹೇಳುವವರನ್ನು ನಾನು ನಂಬುವುದಿಲ್ಲ.

ಅತ್ತೆಗೆ ಇದು ಯಾವುದೂ ಬೇಕಿಲ್ಲ. ಗೃಹಲಕ್ಷ್ಮಿಯ 2000 ರೂಪಾಯಿ ಬಂದಾಗ ಮಾವ "ಬಿಟ್ಟಿ ದುಡ್ಡು" ಅಂದರೆ, "ಇಷ್ಟು ವರ್ಷ ಈ ಮನೇಲಿ ಬಿಟ್ಟಿ ದುಡಿದಿದ್ದು ಯಾರು?" ಅಂತ ಒಳಗಿನಿಂದಲೇ ಉತ್ತರ ಬರುತ್ತದೆ. ಅವರ ಮುಂದೆ ನನ್ನ ವಿಧಾನವೆಲ್ಲ ಏನೂ ಅಲ್ಲ.

ನಮ್ಮಪ್ಪನನ್ನೂ ಮಾವನನ್ನೂ ಕೂರಿಸಿ ಇದೇ ಮಾತಾಡಿಸಬೇಕು ಅಂತ ನನಗೆ ಆಸೆ. ಸದ್ಯಕ್ಕೆ ಇಬ್ಬರೂ ಅಡಿಕೆ ರೇಟು, ಎಲೆಚುಕ್ಕಿ ರೋಗ ಬಿಟ್ಟು ಬೇರೆ ಏನೂ ಎತ್ತುವುದಿಲ್ಲ. ಮೊನ್ನೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಅವರ ಗದ್ದೆ ಯಾರ ಹೆಸರಿಗೆ ಹೋಯ್ತಂತೆ?" ಅಂತ ಕೇಳಿದರು. ನೀವೇ ಕೇಳಿ ಅಂದಿದ್ದೇನೆ.