ವ್ಯವಹಾರ ಆಡಳಿತ ಪದವಿ: ಕೋರ್ಸುಗಳನ್ನು ಯಾವ ಕ್ರಮದಲ್ಲಿ ಆಯ್ದು ಹೇಗೆ ಓದಬೇಕು

ವ್ಯವಹಾರ ಆಡಳಿತದ ಪದವಿಗೆ ಸೇರಿದವರಿಗೆ ಕಾಲೇಜು ಕೊಡುವ ಕೈಪಿಡಿಯಲ್ಲಿ ಹತ್ತಾರು ಕೋರ್ಸುಗಳ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ ನಿರ್ವಹಣೆ, ಹಣಕಾಸು, ವ್ಯವಹಾರ ಕಾನೂನು ಇವೆಲ್ಲ ಸಮಾನ ತೂಕದ, ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂಬ ಭಾವನೆಯನ್ನು ಆ ಪಟ್ಟಿ ಹುಟ್ಟಿಸುತ್ತದೆ. ಆದರೆ ಇವುಗಳ ನಡುವಿನ ಅವಲಂಬನೆ ಬಹಳ ಬಿಗಿಯಾದದ್ದು. ಯಾವ ಕೋರ್ಸು ಯಾವುದರ ಮೇಲೆ ನಿಂತಿದೆ ಎಂಬುದನ್ನು ಮೊದಲ ಸೆಮಿಸ್ಟರಿನಲ್ಲೇ ಗುರುತಿಸಿಕೊಂಡ ವಿದ್ಯಾರ್ಥಿಗೆ ಮುಂದಿನ ಓದು ಸುಗಮವಾಗುತ್ತದೆ. ಗುರುತಿಸಿಕೊಳ್ಳದವರು ಅಂತಿಮ ವರ್ಷದಲ್ಲಿ ಹಣಕಾಸಿನ ಪಾಠ ಅರ್ಥವಾಗದೆ ಮೊದಲ ವರ್ಷದ ಪುಸ್ತಕಗಳನ್ನು ಮತ್ತೆ ಕೆಳಗಿಳಿಸಬೇಕಾಗುತ್ತದೆ.

ಈ ಕ್ರಮವನ್ನು ತಿಳಿಯಲು ಕೈಪಿಡಿಯನ್ನು ಕೊನೆಯಿಂದ ಓದುವುದು ಒಳ್ಳೆಯ ದಾರಿ. ಹೆಚ್ಚಿನ ಕಾಲೇಜುಗಳಲ್ಲಿ ಅಂತಿಮ ವರ್ಷಕ್ಕೆ ಕಾರ್ಯತಂತ್ರ ನಿರ್ವಹಣೆ ಎಂಬ ಕಡ್ಡಾಯ ಕೋರ್ಸೊಂದು ಇರುತ್ತದೆ. ಇಡೀ ಸಂಸ್ಥೆಯನ್ನು ಒಟ್ಟಾಗಿ ನೋಡಿ ತೀರ್ಮಾನ ತೆಗೆದುಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರೆ. ಒಂದು ಹಾಳೆಯ ಮೇಲ್ತುದಿಯಲ್ಲಿ ಅದರ ಹೆಸರು ಬರೆದು, ಅದಕ್ಕೆ ಯಾವ ಕೋರ್ಸುಗಳು ಪೂರ್ವಾರ್ಹತೆಯೆಂದು ಕೈಪಿಡಿ ಹೇಳುತ್ತದೋ ಅವನ್ನು ಅದರ ಕೆಳಗೆ ಬರೆಯಿರಿ, ಬಳಿಕ ಆ ಕೋರ್ಸುಗಳ ಪೂರ್ವಾರ್ಹತೆಗಳನ್ನು ಇನ್ನೂ ಕೆಳಗೆ ಬರೆಯುತ್ತ ಹೋಗಿ. ಸಾಮಾನ್ಯವಾಗಿ ಹಾಳೆಯ ಬುಡದಲ್ಲಿ ನಾಲ್ಕೇ ಹೆಸರುಗಳು ಉಳಿಯುತ್ತವೆ: ಹಣಕಾಸು ಲೆಕ್ಕಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರ, ಗಣಿತ ಮತ್ತು ಸಂಖ್ಯಾಶಾಸ್ತ್ರ. ಮೊದಲ ವರ್ಷದ ಶ್ರಮದ ಹೆಚ್ಚು ಪಾಲು ಇವುಗಳಿಗೇ ಹೋಗಬೇಕು. ಕೆಲವು ಕೋರ್ಸುಗಳು ವರ್ಷಕ್ಕೆ ಒಂದೇ ಸೆಮಿಸ್ಟರಿನಲ್ಲಿ ನಡೆಯುತ್ತವೆ ಎಂಬುದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಅಂತಹ ಒಂದು ಕೋರ್ಸು ಸರಪಣಿಯ ನಡುವೆ ಇದ್ದು, ನೀವು ಅದನ್ನು ತಪ್ಪಿಸಿಕೊಂಡರೆ, ಪದವಿಯೇ ಒಂದು ವರ್ಷ ಮುಂದಕ್ಕೆ ಹೋಗಬಹುದು.

ಕ್ರೆಡಿಟ್ಟುಗಳ ಲೆಕ್ಕವನ್ನು ಗಂಟೆಗಳ ಲೆಕ್ಕವಾಗಿ ಬದಲಿಸಿ ನೋಡದೆ ಸೆಮಿಸ್ಟರನ್ನು ತುಂಬಿಕೊಳ್ಳಬಾರದು. ಯುರೋಪಿನ ಪದ್ಧತಿಯಲ್ಲಿ ಒಂದು ಪೂರ್ಣ ವರ್ಷದ ಓದಿಗೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಗಳ ಕೆಲಸ. ಅಂದರೆ 6 ಕ್ರೆಡಿಟ್ಟಿನ ಒಂದು ಕೋರ್ಸು 150ರಿಂದ 180 ಗಂಟೆಗಳನ್ನು ಕೇಳುತ್ತದೆ. ಅಮೆರಿಕದ ಪದ್ಧತಿಯಲ್ಲಿ ಪದವಿಗೆ ಸುಮಾರು 120 ಕ್ರೆಡಿಟ್, ತರಗತಿಯ ಪ್ರತಿ ಗಂಟೆಗೆ ಹೊರಗೆ ಎರಡು ಗಂಟೆಗಳ ಓದು ಎಂಬುದು ರೂಢಿ. ಯಾವ ಪದ್ಧತಿಯಾದರೂ ತರಗತಿಯಲ್ಲಿ ಕೂರುವ ಹೊತ್ತು ಒಟ್ಟು ಕೆಲಸದ ಸಣ್ಣ ಭಾಗ ಮಾತ್ರ. ಲೆಕ್ಕ ಬಿಡಿಸಬೇಕಾದ ಮೂರು ಕೋರ್ಸುಗಳನ್ನು ಒಂದೇ ಸೆಮಿಸ್ಟರಿಗೆ ಹಾಕಿಕೊಳ್ಳುವುದಕ್ಕಿಂತ ಎರಡು ಲೆಕ್ಕದ ಕೋರ್ಸುಗಳ ಜೊತೆಗೆ ಓದು-ಬರಹ ಹೆಚ್ಚಿರುವ ಎರಡನ್ನು ಸೇರಿಸಿಕೊಳ್ಳುವುದು ಮೇಲು.

ಲೆಕ್ಕಶಾಸ್ತ್ರದ ವಿಷಯದಲ್ಲಿ ಸ್ವಲ್ಪ ನಿಂತು ಮಾತನಾಡಬೇಕು, ಏಕೆಂದರೆ ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದೂ ಅತಿ ಬೇಗ ಕೈಬಿಡುವುದೂ ಇದನ್ನೇ. ದ್ವಿನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದ ಒಂದು ಭಾಗವಾಗಿ ವಿವರಿಸಿದ; ವರ್ತಕರು ಅದನ್ನು ಅದಕ್ಕೂ ಮೊದಲೇ ಬಳಸುತ್ತಿದ್ದರು. ಅಂದಿನಿಂದ ಇಂದಿನವರೆಗೂ ಅದರ ತಿರುಳು ಬದಲಾಗಿಲ್ಲ: ಆಸ್ತಿಗಳ ಮೊತ್ತವು ಹೊಣೆಗಾರಿಕೆ ಮತ್ತು ಮಾಲೀಕರ ಬಂಡವಾಳದ ಮೊತ್ತಕ್ಕೆ ಸದಾ ಸಮನಾಗಿರಬೇಕು, ಆದ್ದರಿಂದ ಪ್ರತಿ ವ್ಯವಹಾರವೂ ಕನಿಷ್ಠ ಎರಡು ಕಡೆ ದಾಖಲಾಗಬೇಕು. ಯಾವುದನ್ನು ಖರ್ಚಿನ (ಡೆಬಿಟ್) ಕಡೆ ಬರೆಯಬೇಕು, ಯಾವುದನ್ನು ಜಮಾ (ಕ್ರೆಡಿಟ್) ಕಡೆ ಬರೆಯಬೇಕು ಎಂಬ ನಿಯಮಗಳನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಪಾರಾದರೂ ಮುಂದಿನ ವರ್ಷ ತೊಡಕಿಗೆ ಸಿಲುಕುತ್ತಾರೆ. ಬದಲಿಗೆ ಪ್ರತಿ ನಮೂದನ್ನೂ ಬರೆದ ಕೂಡಲೇ ಅದು ಆಸ್ತಿ-ಹೊಣೆ ಪಟ್ಟಿ, ಲಾಭ-ನಷ್ಟ ಪಟ್ಟಿ, ನಗದು ಹರಿವಿನ ಪಟ್ಟಿ ಈ ಮೂರನ್ನೂ ಹೇಗೆ ಬದಲಿಸಿತು ಎಂದು ಕೇಳಿಕೊಳ್ಳಬೇಕು. ಸಾಲಕ್ಕೆ ಮಾರಾಟವಾದ ಸರಕು ಲಾಭವನ್ನು ಹೆಚ್ಚಿಸುತ್ತದೆ, ಆದರೆ ಆ ದಿನ ನಗದು ಒಂದು ಪೈಸೆಯೂ ಹೆಚ್ಚುವುದಿಲ್ಲ. ಯಂತ್ರದ ಸವಕಳಿ, ಅಂದರೆ ಬಳಸಿದಂತೆಲ್ಲ ಇಳಿಯುವ ಅದರ ಮೌಲ್ಯ, ಲಾಭವನ್ನು ತಗ್ಗಿಸುತ್ತದೆ, ಆದರೆ ಆ ಹೆಸರಿನಲ್ಲಿ ಹಣವೇನೂ ಹೊರಗೆ ಹೋಗುವುದಿಲ್ಲ. ಲಾಭ ತೋರಿಸುತ್ತಿರುವ ಸಂಸ್ಥೆಯೂ ನಗದಿಲ್ಲದೆ ಮುಚ್ಚಿಹೋಗಬಹುದು ಎಂಬ ಸಂಗತಿ ಇಷ್ಟರಿಂದಲೇ ತಿಳಿಯುತ್ತದೆ, ಮತ್ತು ಹಣಕಾಸು ಕೋರ್ಸಿನ ಅರ್ಧ ಭಾಗ ಈ ಒಂದು ವ್ಯತ್ಯಾಸದ ಸುತ್ತಲೇ ನಡೆಯುತ್ತದೆ.

ಎರಡನೆಯ ಹಂತದಲ್ಲಿ ಬರುವ ವೆಚ್ಚ ಲೆಕ್ಕಶಾಸ್ತ್ರದ ಉಪಯೋಗವನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಒಂದು ವಸ್ತುವಿನ ಬೆಲೆ 50, ಒಂದೊಂದು ವಸ್ತುವಿಗೂ ತಗಲುವ ಬದಲಾಗುವ ವೆಚ್ಚ 30, ಎಷ್ಟು ತಯಾರಿಸಿದರೂ ಅಷ್ಟೇ ಇರುವ ಸಂಸ್ಥೆಯ ಸ್ಥಿರ ವೆಚ್ಚ 50,000 ಎಂದಿರಲಿ. ಪ್ರತಿ ಮಾರಾಟದಿಂದ 20 ಉಳಿಯುವುದರಿಂದ 2,500 ವಸ್ತುಗಳು ಮಾರಾಟವಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಬೆಲೆಯನ್ನು ಶೇಕಡ 10ರಷ್ಟು ಇಳಿಸಿ 45 ಮಾಡಿದರೆ ಪ್ರತಿ ಮಾರಾಟದಲ್ಲಿ ಉಳಿಯುವುದು 15. ಅದೇ ಸಮತೋಲನಕ್ಕೆ 3,334 ವಸ್ತುಗಳು ಮಾರಾಟವಾಗಬೇಕು. ಬೆಲೆಯಲ್ಲಿ ಹತ್ತನೆಯ ಒಂದು ಪಾಲು ಇಳಿಸಿದ್ದಕ್ಕೆ ಮಾರಾಟ ಮೂರನೆಯ ಒಂದು ಪಾಲು ಏರಬೇಕಾಯಿತು. ರಿಯಾಯಿತಿ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಮಾರುಕಟ್ಟೆ ನಿರ್ವಹಣೆಯ ತರಗತಿಯಲ್ಲಿ ಬಂದಾಗ ಈ ಲೆಕ್ಕ ಗೊತ್ತಿದ್ದವರು ಮಾತ್ರ ಅರ್ಥಪೂರ್ಣವಾಗಿ ಉತ್ತರಿಸಬಲ್ಲರು. ಹೀಗಾಗಿ ಕೈಪಿಡಿ ಕೇಳದಿದ್ದರೂ ವೆಚ್ಚ ಲೆಕ್ಕಶಾಸ್ತ್ರವನ್ನು ಮೇಲ್ಮಟ್ಟದ ಮಾರುಕಟ್ಟೆ ಕೋರ್ಸುಗಳಿಗಿಂತ ಮೊದಲೇ ಮುಗಿಸಿಕೊಳ್ಳಿ.

ವ್ಯವಹಾರ ಕಲಿಯಲು ಬಂದವರಿಗೆ ಗಣಿತ, ಸಂಖ್ಯಾಶಾಸ್ತ್ರಗಳ ಹೊರೆ ಏಕೆ ಎಂದು ಕೇಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಒಂದು ಕಾಲದಲ್ಲಿ ಈ ಹೊರೆ ಇಷ್ಟಿರಲಿಲ್ಲ. ಅಮೆರಿಕದಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳ ನೆರವಿನಿಂದ 1959ರಲ್ಲಿ ಹೊರಬಂದ ಎರಡು ವರದಿಗಳು ಅಲ್ಲಿನ ವ್ಯವಹಾರ ಶಿಕ್ಷಣವು ತೆಳುವಾದ ವೃತ್ತಿ ತರಬೇತಿಯಾಗಿದೆಯೆಂದು ಟೀಕಿಸಿ, ಗಣಿತ, ಅರ್ಥಶಾಸ್ತ್ರ ಮತ್ತು ವರ್ತನಾ ವಿಜ್ಞಾನಗಳ ಬುನಾದಿ ಬೇಕೆಂದು ವಾದಿಸಿದವು; ಇಂದಿನ ಪಠ್ಯಕ್ರಮದ ಮೇಲೆ ಅವುಗಳ ಅಚ್ಚು ಸ್ಪಷ್ಟವಾಗಿದೆ. ಸಂಖ್ಯಾಶಾಸ್ತ್ರದಲ್ಲಿ ಸೂತ್ರಗಳಿಗಿಂತ ಕೆಲವು ತಿಳಿವಳಿಕೆಗಳು ಮುಖ್ಯ. ಉದಾಹರಣೆಗೆ, ಸಮೀಕ್ಷೆಯ ದೋಷದ ವ್ಯಾಪ್ತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯ ಗಾತ್ರವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಎರಡು ಸಂಗತಿಗಳು ಒಟ್ಟಿಗೆ ಏರಿದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಸರಾಸರಿಯನ್ನು ಹೇಳಿ ಹರಡಿಕೆಯನ್ನು ಹೇಳದ ವರದಿ ಅಪೂರ್ಣ. ಪ್ರತಿ ವಾರ ಒಂದು ದತ್ತಾಂಶವನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಸಿದ್ಧ ಗುಂಡಿಗಳನ್ನು ಒತ್ತುವ ಮೊದಲು ಒಮ್ಮೆ ಕೈಯಿಂದಲೇ ಲೆಕ್ಕ ಮಾಡಿ ನೋಡಿದರೆ ವಿಷಯ ಉಳಿಯುತ್ತದೆ.

ಅರ್ಥಶಾಸ್ತ್ರದಲ್ಲಿ ಬಿಡಿ ಗ್ರಾಹಕರನ್ನೂ ಸಂಸ್ಥೆಗಳನ್ನೂ ನೋಡುವ ಸೂಕ್ಷ್ಮ ಮೊದಲು, ಇಡೀ ದೇಶದ ಆರ್ಥಿಕತೆಯನ್ನು ನೋಡುವ ಸಮಗ್ರ ನಂತರ ಎಂಬುದು ರೂಢಿಯ ಕ್ರಮ. ಸೀಮಾಂತ ವೆಚ್ಚ (ಇನ್ನೊಂದು ವಸ್ತು ತಯಾರಿಸಲು ಹೆಚ್ಚುವ ವೆಚ್ಚ), ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು), ಅವಕಾಶ ವೆಚ್ಚ (ಒಂದನ್ನು ಆರಿಸಿದಾಗ ಕೈಬಿಟ್ಟ ಉತ್ತಮ ಪರ್ಯಾಯದ ಮೌಲ್ಯ) ಈ ಮೂರನ್ನು ಗಟ್ಟಿ ಮಾಡಿಕೊಂಡರೆ ಉಳಿದದ್ದನ್ನು ಅಗತ್ಯ ಬಂದಾಗ ಓದಿಕೊಳ್ಳಬಹುದು.

ಹಣಕಾಸು ನಿರ್ವಹಣೆಗೆ ಬರುವ ಹೊತ್ತಿಗೆ ಇವೆಲ್ಲವೂ ಒಂದು ಕಡೆ ಕೂಡುತ್ತವೆ. ಹಣದ ಕಾಲಮೌಲ್ಯ ಎಂಬ ಒಂದೇ ವಿಚಾರ ಆ ಕೋರ್ಸನ್ನು ಹೊತ್ತುಕೊಂಡಿದೆ: ಬಡ್ಡಿಯ ದರ ಶೇಕಡ 10 ಇದ್ದಾಗ ಒಂದು ವರ್ಷದ ನಂತರ ಕೈಸೇರುವ 1,000 ಇಂದಿನ ಸುಮಾರು 909ಕ್ಕೆ ಸಮ. ಇದನ್ನು ಹತ್ತು ವರ್ಷಗಳ ನಗದು ಹರಿವಿಗೆ ಹಿಗ್ಗಿಸಿದರೆ ನಿವ್ವಳ ಪ್ರಸ್ತುತ ಮೌಲ್ಯ (ಹೂಡಿದ ಹಣ ಕಳೆದು ಉಳಿಯುವ ಇಂದಿನ ಮೌಲ್ಯ), ಬಾಂಡಿಗೆ ಅಂದರೆ ಸಾಲಪತ್ರಕ್ಕೆ ಅನ್ವಯಿಸಿದರೆ ಬಾಂಡಿನ ಬೆಲೆ, ಷೇರಿಗೆ ಅನ್ವಯಿಸಿದರೆ ಷೇರಿನ ಮೌಲ್ಯಮಾಪನ ಸಿಗುತ್ತದೆ. ಆ ಹರಿವನ್ನು ಅಂದಾಜು ಮಾಡಲು ಲೆಕ್ಕಶಾಸ್ತ್ರ ಬೇಕು. ಅಪಾಯವನ್ನು ಅಳೆಯಲು ಸಂಖ್ಯಾಶಾಸ್ತ್ರ ಬೇಕು. ಹಣವನ್ನು ಹಲವು ಕಡೆ ಹಂಚಿ ಅಪಾಯ ತಗ್ಗಿಸುವ ಬಗ್ಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಮಂಡಿಸಿದ ಹೂಡಿಕೆ ಸಿದ್ಧಾಂತ, ಅದರ ಗಣಿತವನ್ನು ಬಿಡಿಸಿ ನೋಡಿದರೆ, ಮೊದಲ ವರ್ಷದಲ್ಲಿ ಓದಿದ ಸರಾಸರಿ, ವಿಚಲನೆ ಮತ್ತು ಸಹಸಂಬಂಧಗಳ ಅನ್ವಯವೇ ಆಗಿದೆ. ಇಲ್ಲಿ ತೊಡಕಾಗುವವರು ಹಣಕಾಸಿನ ಪುಸ್ತಕವನ್ನು ಎರಡನೆಯ ಸಲ ಓದುವ ಬದಲು ಯಾವ ಬುನಾದಿ ಕುಸಿದಿದೆ ಎಂದು ಪತ್ತೆಹಚ್ಚಿ ಅಲ್ಲಿಗೆ ಹಿಂದಿರುಗಬೇಕು.

ನಿರ್ವಹಣಾ ತತ್ವಗಳು ಮತ್ತು ಸಾಂಸ್ಥಿಕ ವರ್ತನೆ (ಸಂಸ್ಥೆಯೊಳಗೆ ಜನ ನಡೆದುಕೊಳ್ಳುವ ರೀತಿಯ ಅಧ್ಯಯನ) ಇವುಗಳ ಓದು ಬೇರೆ ಬಗೆಯದು. ಇಲ್ಲಿ ಸೂತ್ರವಿಲ್ಲ, ಆದ್ದರಿಂದ ಸುಲಭವೆಂದು ಹಲವರು ಭಾವಿಸುತ್ತಾರೆ. ಪಟ್ಟಿಗಳನ್ನು ಕಂಠಪಾಠ ಮಾಡಿ ಮರೆತುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇವನ್ನು ಒಂದು ದೀರ್ಘ ವಾಗ್ವಾದವಾಗಿ ಓದುವುದೇ ಸರಿ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ಕೆಲಸವನ್ನು ಅಳೆದು, ಒಡೆದು, ಒಂದೇ ಉತ್ತಮ ವಿಧಾನವನ್ನು ಗೊತ್ತುಪಡಿಸಬಹುದೆಂದ. ಫ್ರಾನ್ಸಿನ ಆನ್ರಿ ಫಯೋಲ್ 1916ರಲ್ಲಿ ಕಾರ್ಖಾನೆಯ ನೆಲದಿಂದ ಮೇಲಕ್ಕೆ ಕಣ್ಣೆತ್ತಿ ಆಡಳಿತದ 14 ತತ್ವಗಳನ್ನು ಮುಂದಿಟ್ಟ. 1924ರಿಂದ 1932ರವರೆಗೆ ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳು ಕೆಲಸಗಾರರ ಪರಸ್ಪರ ಸಂಬಂಧಗಳತ್ತ ಗಮನ ಸೆಳೆದವು, ಆದರೆ ಆ ಪ್ರಯೋಗಗಳ ದತ್ತಾಂಶವನ್ನು ನಂತರ ಮರುಪರಿಶೀಲಿಸಿದ ಸಂಶೋಧಕರು ಹಳೆಯ ತೀರ್ಮಾನಗಳನ್ನು ಪ್ರಶ್ನಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಏಬ್ರಹಾಂ ಮ್ಯಾಸ್ಲೊ ಮನುಷ್ಯನ ಮೂಲ ಅಗತ್ಯಗಳಿಂದ ಮೇಲಿನವುಗಳವರೆಗೆ ಏರುವ ಅಗತ್ಯಗಳ ಶ್ರೇಣಿಯನ್ನು 1943ರ ಲೇಖನದಲ್ಲಿ ಮಂಡಿಸಿದ. ಎಲ್ಲ ಪಠ್ಯಪುಸ್ತಕಗಳಲ್ಲೂ ಕಾಣುವ ಪಿರಮಿಡ್ ಚಿತ್ರ ಆ ಲೇಖನದಲ್ಲಿ ಇಲ್ಲ, ಶ್ರೇಣಿಯ ಕ್ರಮಕ್ಕೆ ದೊರೆತ ಪ್ರಾಯೋಗಿಕ ಆಧಾರವೂ ಗಟ್ಟಿಯಾದದ್ದಲ್ಲ. ಯಾವ ಸಿದ್ಧಾಂತ ಯಾವ ಪುರಾವೆಯ ಮೇಲೆ ನಿಂತಿದೆ ಎಂಬ ಒಂದು ಸಾಲನ್ನು ಪ್ರತಿ ಹೆಸರಿನ ಮುಂದೆ ಬರೆದಿಟ್ಟುಕೊಂಡರೆ ಉತ್ತರ ಪತ್ರಿಕೆಗೂ ಬೆಲೆ ಬರುತ್ತದೆ.

ಮಾರುಕಟ್ಟೆ ನಿರ್ವಹಣೆಯಲ್ಲಿ ಜೆರೋಮ್ ಮೆಕಾರ್ಥಿ 1960ರಲ್ಲಿ ಜನಪ್ರಿಯಗೊಳಿಸಿದ ಉತ್ಪನ್ನ, ಬೆಲೆ, ವಿತರಣೆ, ಪ್ರಚಾರ ಎಂಬ ನಾಲ್ಕು ಅಂಗಗಳು ಆರಂಭಕ್ಕೆ ಸಾಕು. ಗ್ರಾಹಕರನ್ನು ವಿಂಗಡಿಸಿ ಯಾರನ್ನು ಬಿಡಬೇಕೆಂದು ನಿರ್ಧರಿಸುವ ಭಾಗಕ್ಕೆ ಹೆಚ್ಚಿನ ಸಮಯ ಕೊಡಿ. ಉತ್ಪಾದನಾ ನಿರ್ವಹಣೆಗೆ ಸ್ವಲ್ಪ ಕಲನಶಾಸ್ತ್ರ ತಿಳಿದಿದ್ದರೆ ಅನುಕೂಲ. ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ದಾಸ್ತಾನು ಸೂತ್ರದ ಪ್ರಕಾರ ಬೇಡಿಕೆ ಎರಡು ಪಟ್ಟಾದರೂ ಒಂದು ಸಲಕ್ಕೆ ತರಿಸಬೇಕಾದ ಸರಕು ಸುಮಾರು 1.41 ಪಟ್ಟು ಮಾತ್ರ ಆಗುತ್ತದೆ. ಅದು ಏಕೆಂದು ಸ್ವತಃ ಬಿಡಿಸಿ ನೋಡಿದವರಿಗೆ ಆ ಕೋರ್ಸಿನ ಸ್ವಭಾವವೇ ತಿಳಿದುಬಿಡುತ್ತದೆ. ವ್ಯವಹಾರ ಕಾನೂನನ್ನು ಯಾವ ವರ್ಷದಲ್ಲಾದರೂ ಓದಬಹುದು. ಕರಾರು ಸಿಂಧುವಾಗಲು ಏನೇನು ಬೇಕು ಎಂಬ ಅಧ್ಯಾಯವೊಂದನ್ನು ಮಾತ್ರ ಯಾರೂ ಅವಸರದಲ್ಲಿ ಓದಬಾರದು.

ಸಂಸ್ಥೆಗಳ ನೈಜ ಸನ್ನಿವೇಶವನ್ನು ಮುಂದಿಟ್ಟು ಚರ್ಚಿಸುವ ಕೇಸ್ ಪದ್ಧತಿಗೆ ಸಿದ್ಧವಾಗುವ ಕ್ರಮವನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ. ಮೊದಲ ಓದಿನಲ್ಲಿ ತೀರ್ಮಾನ ಯಾರು ತೆಗೆದುಕೊಳ್ಳಬೇಕು, ಯಾವಾಗಿನೊಳಗೆ ತೆಗೆದುಕೊಳ್ಳಬೇಕು ಎಂಬೆರಡನ್ನು ಮಾತ್ರ ಗುರುತಿಸಿ. ನಂತರ ಕೊನೆಯಲ್ಲಿ ಕೊಟ್ಟಿರುವ ಅಂಕಿಅಂಶದ ಪಟ್ಟಿಗಳಿಗೆ ಹೋಗಿ, ಕಥನವನ್ನು ಪಕ್ಕಕ್ಕಿಟ್ಟು, ಅಂಕಿಗಳು ಏನು ಹೇಳುತ್ತವೆ ಎಂದು ಲೆಕ್ಕ ಮಾಡಿ. ಎರಡನೆಯ ಓದಿನಲ್ಲಿ ಕಥನವೂ ಅಂಕಿಯೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗೆರೆ ಎಳೆಯಿರಿ. ತರಗತಿಯ ಚರ್ಚೆ ಬಹುಮಟ್ಟಿಗೆ ಆ ಗೆರೆಗಳ ಸುತ್ತ ನಡೆಯುತ್ತದೆ. ಗುಂಪು ಯೋಜನೆಗಳಲ್ಲಿ ಯಾರು ಯಾವ ಭಾಗವನ್ನು ಯಾವ ದಿನದೊಳಗೆ ಮುಗಿಸಬೇಕೆಂಬುದನ್ನು ಮೊದಲ ಭೇಟಿಯಲ್ಲೇ ಬರಹದಲ್ಲಿ ಇಡಬೇಕು. ಲೆಕ್ಕದ ಭಾಗವನ್ನು ಲೆಕ್ಕ ಬಲ್ಲವರೊಬ್ಬರಿಗೇ ಬಿಟ್ಟುಕೊಡುವುದು ಅನುಕೂಲವೆನಿಸಿದರೂ ಉಳಿದವರು ಕಲಿಯಬೇಕಾದದ್ದನ್ನು ಕಳೆದುಕೊಳ್ಳುತ್ತಾರೆ.

ವಿಶೇಷ ಅಧ್ಯಯನದ ವಿಷಯವನ್ನು ಆರಿಸುವ ಗಡುವು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಗೆ ಬರುತ್ತದೆ. ಅಷ್ಟರೊಳಗೆ ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲ, ಉತ್ಪಾದನೆ ಇವುಗಳ ಪರಿಚಯ ಕೋರ್ಸುಗಳಾದರೂ ಮುಗಿದಿರಬೇಕು, ಇಲ್ಲವಾದರೆ ಆಯ್ಕೆ ಗೆಳೆಯರ ಮಾತಿನ ಮೇಲೆ ನಡೆಯುತ್ತದೆ. ಐಚ್ಛಿಕ ಕೋರ್ಸುಗಳಲ್ಲಿ ಆಕರ್ಷಕ ಹೆಸರಿನವು ಹಲವು; ಹೆಸರನ್ನು ಬಿಟ್ಟು ಪಾಠಯೋಜನೆಯನ್ನು ತರಿಸಿಕೊಂಡು, ವಾರವಾರ ಏನು ಓದಿಸುತ್ತಾರೆ, ಮೌಲ್ಯಮಾಪನ ಹೇಗೆ ಮಾಡುತ್ತಾರೆ, ಕಡ್ಡಾಯ ಕೋರ್ಸಿನಲ್ಲಿ ಬಂದದ್ದೇ ಇಲ್ಲಿ ಎಷ್ಟು ಮರುಕಳಿಸುತ್ತದೆ ಎಂದು ನೋಡಿ. ನನ್ನ ಸಲಹೆ ಕೇಳಿದರೆ, ಒಂದು ಐಚ್ಛಿಕವನ್ನು ವ್ಯವಹಾರ ವಿಭಾಗದ ಹೊರಗಿನಿಂದ, ಬರವಣಿಗೆ, ಮನಶ್ಶಾಸ್ತ್ರ ಅಥವಾ ಪ್ರೋಗ್ರಾಮಿಂಗ್ ಇವುಗಳಲ್ಲೊಂದನ್ನು, ಆರಿಸಿಕೊಳ್ಳಬೇಕು. ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಸಿಗುವುದಾದರೆ ಅದಕ್ಕೆ ಮುಂಚಿತ ಅನುಮತಿ ಬೇಕೇ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಕೇಳಿ. ಮುಗಿದ ನಂತರ ತಂದ ಪ್ರಮಾಣಪತ್ರವನ್ನು ಒಪ್ಪದ ಕಾಲೇಜುಗಳಿವೆ.

ಕೊನೆಯ ಎರಡು ಸೆಮಿಸ್ಟರುಗಳು ಉಳಿದಿರುವಾಗ ಮೊದಲು ಬರೆದ ಆ ಹಾಳೆಯನ್ನೂ ಕಾಲೇಜಿನ ಅಧಿಕೃತ ಅಂಕಪಟ್ಟಿಯನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಒಟ್ಟು ಕ್ರೆಡಿಟ್ ಮಾತ್ರವಲ್ಲದೆ ಪ್ರತಿ ವರ್ಗದಲ್ಲೂ ಬೇಕಾದ ಕ್ರೆಡಿಟ್ ತುಂಬಿದೆಯೇ ಎಂದು ಶೈಕ್ಷಣಿಕ ಸಲಹೆಗಾರರಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ನೀವು ಸೇರಿದ ವರ್ಷದ ಕೈಪಿಡಿಯ ನಿಯಮಗಳು ನಿಮಗೆ ಅನ್ವಯಿಸುತ್ತವೆಯೋ ಅಥವಾ ಈಚಿನ ಪರಿಷ್ಕೃತ ನಿಯಮಗಳೋ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಬೇಕು, ಏಕೆಂದರೆ ನಡುವೆ ಪಠ್ಯಕ್ರಮ ಬದಲಾಗಿದ್ದರೆ ಹಳೆಯ ಕೋರ್ಸೊಂದಕ್ಕೆ ಸಮಾನವೆಂದು ಯಾವುದನ್ನು ಪರಿಗಣಿಸುತ್ತಾರೆ ಎಂಬುದು ವಿಭಾಗದ ಲಿಖಿತ ಆದೇಶದಿಂದಲೇ ತೀರ್ಮಾನವಾಗುತ್ತದೆ, ಆ ಆದೇಶ ಹೊರಬರಲು ಕೆಲವೊಮ್ಮೆ ಇಡೀ ಸೆಮಿಸ್ಟರು ಹಿಡಿಯುತ್ತದೆ.