ಥ್ರಾಟಲ್ ಕೊಟ್ಟರೆ ಕೆಮ್ಮುತ್ತಿದ್ದ ದೋಣಿ ಮೋಟಾರ್

ಗಂಗೊಳ್ಳಿಯಲ್ಲಿ ನಮ್ಮ ನಾಡದೋಣಿಗೆ ಟು ಸ್ಟ್ರೋಕ್ 9.9 ಎಚ್‌ಪಿ ಮೋಟಾರ್. ಐದು ನಿಮಿಷ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಥ್ರಾಟಲ್ ಕೊಟ್ಟರೆ ಕೆಮ್ಮಿ ನಿಲ್ಲುತ್ತಿತ್ತು. ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ಎರಡು ಸಲ ತೊಳೆದೆ, ಹೊಸ ಪೆಟ್ರೋಲ್‌ಗೆ 50:1 ಆಯಿಲ್ ಬೆರೆಸಿದೆ. ಸುಮ್ನೆ ದುಡ್ಡು ಹೋಯ್ತು.

ಕೆಮ್ಮುವಾಗ ಟ್ಯಾಂಕಿನಿಂದ ಮೋಟಾರ್‌ಗೆ ಹೋಗುವ ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಾ ಇದ್ದರೆ ಸರಿಯಾಗಿ ಓಡುತ್ತಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಅಲ್ವಾ? ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ನೋಡಿ, ಮುಚ್ಚಿದ್ದರೆ ಪೆಟ್ರೋಲ್ ಸರಿಯಾಗಿ ಬರಲ್ಲ. ನನ್ನದು ತೆರೆದೇ ಇತ್ತು. ಆಮೇಲೆ ಮೋಟಾರ್ ಕಡೆಯ ಕನೆಕ್ಟರ್ ಬಿಚ್ಚಿದೆ, ಒಳಗಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸೀಳಿತ್ತು. ಮೋಟಾರ್ ಓಡುವಾಗ ಅಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಪಂಪ್ ಎಳೆಯುವಾಗ ಗಾಳಿ ಒಳಗೆ ಹೋಗುತ್ತದೆ, ಅದಕ್ಕೇ ಕಣ್ಣಿಗೆ ಬೀಳಲ್ಲ. ಹೊಸ ಓ-ರಿಂಗ್ ಹಾಕಿ, ಎರಡೂ ಕಡೆ ಕ್ಲಾಂಪ್ ಬಿಗಿ ಮಾಡಿ, ಬಲ್ಬಿನ ಬಾಣ ಮೋಟಾರ್ ಕಡೆಗೇ ಇದೆಯಾ ನೋಡಿಕೊಂಡು, ಅದು ಗಟ್ಟಿಯಾಗುವವರೆಗೆ ಒತ್ತಿ ಸ್ಟಾರ್ಟ್ ಮಾಡಿದೆ. ಫುಲ್ ಥ್ರಾಟಲ್‌ನಲ್ಲೂ ಈಗ ನಿಲ್ಲುತ್ತಿಲ್ಲ.